ಕಿತ್ತೂರಿನ ಎಕ್ಸ್‌ಚೇಂಜ್ ಮರ್ತೇ ಬಿಟ್ರಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಬಗ್ಗೆ ನಿಮ್ಮ ಪೇಪರಲ್ಲಿ ಬಂದಿದ್ದ ಲೇಖನ ಓದಿದೆ, ಖುಷಿ ಆಯ್ತು, ಆದ್ರೆ ಮಧ್ಯದಲ್ಲಿ ಒಂದು ಮಾತು ಓದಿ ಕೈಲಿದ್ದ ಪೇಪರ್ ಕೆಳಗಿಟ್ಟೆ. ಟೆಲಿಕಾಂ ಸಲಕರಣೆನ ನಮ್ಮ ದೇಶದೋರೇ ಡಿಸೈನ್ ಮಾಡಿದ್ದು ಇದೇ ಮೊದಲು ಅಂತ ಬರ್ದಿದ್ದೀರಿ. ಸ್ವಾಮಿ, ಆ 4ಜಿಯ ಕೋರ್, ಅಂದ್ರೆ ಇಡೀ ನೆಟ್‌ವರ್ಕ್ ನಡೆಸೋ ಮಿದುಳು, ಮಾಡಿರೋ ಸಿ-ಡಾಟ್ ಅನ್ನೋ ಸಂಶೋಧನಾ ಕೇಂದ್ರ 1984ರಿಂದ ಇದೆ. ಅವರ ಮೊದಲ ಹಳ್ಳಿ ಎಕ್ಸ್‌ಚೇಂಜ್, ಅಂದ್ರೆ ಒಬ್ಬರ ಫೋನನ್ನ ಇನ್ನೊಬ್ಬರ ಫೋನಿಗೆ ಜೋಡಿಸೋ ಯಂತ್ರ, ಕೂತಿದ್ದು ಡೆಲ್ಲಿಲೂ ಅಲ್ಲ ಮುಂಬೈಲೂ ಅಲ್ಲ, ನಮ್ಮ ಕಿತ್ತೂರಲ್ಲಿ. ಹೌದು, ರಾಣಿ ಚೆನ್ನಮ್ಮನ ಕಿತ್ತೂರೇ, ಧಾರವಾಡದಿಂದ ಬೆಳಗಾವಿಗೆ ಹೋಗೋ ದಾರೀಲಿ ಸಿಗೋದು. 1986ರ ಜುಲೈ ತಿಂಗಳು. ಕನ್ನಡದ ಪೇಪರೇ ಇದನ್ನ ಬಿಟ್ರೆ ಇನ್ಯಾರು ಬರೀತಾರೆ ಹೇಳಿ.

ನಾನು ಟೆಲಿಫೋನ್ಸ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೋನು, ಈಗ ರಿಟೈರ್ಡ್. ದೊಡ್ಡ ಇಂಜಿನಿಯರ್ ಅಲ್ಲ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡ್ಕೊಂಡು ಕೆಲಸ ಕಲಿತವನು. ಸೇರಿದಾಗ ಎಲ್ಲಾ ಕಡೆ ಸ್ಟ್ರೌಜರ್ ಅನ್ನೋ ಹಳೇ ಕಾಲದ ಎಕ್ಸ್‌ಚೇಂಜ್. ಆ ರೂಮೊಳಗೆ ಕಾಲಿಟ್ರೆ ಕಟಕಟ ಕಟಕಟ ಅಂತ ಸೆಲೆಕ್ಟರ್‌ಗಳ ಸದ್ದು, ನೀವು ಒಂದೊಂದು ನಂಬರ್ ತಿರುಗಿಸಿದ ಹಾಗೆಲ್ಲಾ ಒಳಗೆ ಒಂದೊಂದು ಸೆಲೆಕ್ಟರ್ ಮೇಲೆ ಹತ್ತಿ ಪಕ್ಕಕ್ಕೆ ತಿರುಗಬೇಕು. ಧೂಳು ಕೂತ್ರೆ ರಾಂಗ್ ನಂಬರ್, ಮಳೆಗಾಲ ಬಂತಂದ್ರೆ ಕಾಂಟ್ಯಾಕ್ಟ್ ಒರೆಸೋದೇ ಒರೆಸೋದು. ಇನ್ನು ಸಣ್ಣ ಊರುಗಳಲ್ಲಿ ಅದೂ ಇಲ್ಲ, ಆಪರೇಟರ್ ಬೋರ್ಡ್, ಟ್ರಂಕ್ ಬುಕ್ ಮಾಡಿ ಕಾಯ್ತಾ ಕೂರೋದು, ತಡೀಲಾರದೋರು ಅರ್ಜೆಂಟ್ ಕಾಲ್, ಅದಕ್ಕೂ ಮೇಲೆ ಲೈಟ್ನಿಂಗ್ ಕಾಲ್.

ಈ ಸಾಮಾನೆಲ್ಲಾ ಎಲ್ಲಿಂದ ಬರ್ತಿತ್ತು? ನಮ್ಮ ಬೆಂಗಳೂರಿನ ಐಟಿಐ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಫ್ಯಾಕ್ಟರಿಯಿಂದಲೇ, ದೂರವಾಣಿನಗರದಿಂದ, 1948ರಿಂದ. ಆದ್ರೆ ಡ್ರಾಯಿಂಗ್ ಇಂಗ್ಲೆಂಡಿನದು. ಅರವತ್ತರ ದಶಕದಲ್ಲಿ ಕ್ರಾಸ್‌ಬಾರ್ ಅನ್ನೋ ಇನ್ನೊಂದು ಬಗೆ ಎಕ್ಸ್‌ಚೇಂಜ್ ಬಂತು, ಅದು ಬೆಲ್ಜಿಯಂದು. 1982ರಲ್ಲಿ ಡಿಜಿಟಲ್ ಎಕ್ಸ್‌ಚೇಂಜಿಗೆ ಫ್ರಾನ್ಸಿನ ಅಲ್ಕಾಟೆಲ್ ಜೊತೆ ಒಪ್ಪಂದ ಆಯ್ತು, ಫ್ಯಾಕ್ಟರಿ ಉತ್ತರ ಪ್ರದೇಶದ ಮಂಕಾಪುರದಲ್ಲಿ. ಅಂದ್ರೆ ಅಡುಗೆ ನಮ್ಮನೇಲೇ, ಆದ್ರೆ ಸಾರಿಗೆ ಉಪ್ಪು ಎಷ್ಟು ಅಂತ ಬೇರೆ ದೇಶದೋರನ್ನ ಕೇಳಬೇಕಾಗಿತ್ತು. ಸಂಶೋಧನೆ ಇರಲೇ ಇಲ್ಲ ಅಂತಲ್ಲ, 1956ರಿಂದಲೇ ಡೆಲ್ಲೀಲಿ ಟಿಆರ್‌ಸಿ ಅಂತ ಇಲಾಖೆಯದೇ ಒಂದು ರಿಸರ್ಚ್ ಸೆಂಟರ್ ಇತ್ತು, ಮುಂಬೈನ ಟಿಐಎಫ್‌ಆರ್ ಅನ್ನೋ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲೂ ಒಂದು ಗುಂಪು ಎಲೆಕ್ಟ್ರಾನಿಕ್ ಸ್ವಿಚ್, ಅಂದ್ರೆ ಎಕ್ಸ್‌ಚೇಂಜಲ್ಲಿ ಕರೆ ಜೋಡಿಸೋ ಯಂತ್ರ, ಮಾಡ್ತಾ ಇತ್ತು. ಆದ್ರೆ ಲ್ಯಾಬಿನಲ್ಲಿ ಓಡಿದ್ದು ಊರಿಗೆ ಬರ್ತಿರಲಿಲ್ಲ, ಅಲ್ಲೇ ಗಾಡಿ ನಿಲ್ತಿತ್ತು.

ಸಿ-ಡಾಟ್ ಹುಟ್ಟಿದ್ದು ಆ ಎರಡೂ ಕಡೆಯೋರನ್ನ ಒಂದೇ ಸೂರಿನಡಿ ತಂದು. ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಟೆಲಿಫೋನ್ ಸ್ವಿಚ್ಚಲ್ಲೇ ಹೆಸರು ಮಾಡಿದ್ದ ಸ್ಯಾಮ್ ಪಿತ್ರೋಡಾ ಹಿಂದೆ ಬಿದ್ದು ಇಂದಿರಾ ಗಾಂಧಿಯವರನ್ನ ಒಪ್ಪಿಸಿದ್ರು. 36 ತಿಂಗಳು, 36 ಕೋಟಿ ರೂಪಾಯಿ, ಲೆಕ್ಕ ಅಷ್ಟೇ. ಟಿಆರ್‌ಸಿಯಿಂದ ಜಿ.ಬಿ. ಮೀಮಾಂಸಿ, ಟಿಐಎಫ್‌ಆರ್‌ನಿಂದ ಎಂ.ವಿ. ಪಿಟ್ಕೆ ಬಂದ್ರು. ಪಿತ್ರೋಡಾ ಹೆಸರು ಎಲ್ಲಾರಿಗೂ ಗೊತ್ತು, ಈ ಇಬ್ಬರ ಹೆಸರು ಕೇಳಿ ನೋಡಿ, ಟೆಲಿಕಾಂನೋರಿಗೇ ಗೊತ್ತಿರಲ್ಲ. ಡೆಲ್ಲೀಲಿ ಆಫೀಸು ಅಕ್ಬರ್ ಹೋಟೆಲ್ ಕಟ್ಟಡದಲ್ಲಿ, ಇನ್ನೊಂದು ತಂಡ ಬೆಂಗಳೂರಲ್ಲಿ. ಕೆಲಸಕ್ಕೆ ತಗೊಂಡಿದ್ದು ಬಹುಪಾಲು ಆಗಷ್ಟೇ ಕಾಲೇಜು ಮುಗಿಸಿದ್ದ ಹುಡುಗ ಹುಡುಗೀರನ್ನ.

ಅವರು ಮಾಡಿದ ಬುದ್ಧಿವಂತಿಕೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಸ್ವದೇಶಿ ಅಂದ್ರೆ ಬರೀ ಬಾವುಟ ಅನ್ಕೊಂಡಿದ್ದಾರೆ ಜನ. ಫಾರಿನ್ ಎಕ್ಸ್‌ಚೇಂಜ್‌ಗಳು ದೊಡ್ಡ ದೊಡ್ಡ ಸಿಟಿಗೆ ಅಂತ ಮಾಡಿದ್ದು, ಸಾವಿರಾರು ಲೈನು, ಏಸಿ ರೂಮು. ಅಲ್ಲಿ ಮನೆಮನೆಗೂ ಫೋನು, ಒಂದೊಂದು ಫೋನಲ್ಲಿ ದಿನಕ್ಕೆ ನಾಲ್ಕು ಮಾತು. ನಮ್ಮಲ್ಲಿ ಇಡೀ ಬೀದಿಗೆ ಒಂದು ಫೋನು, ಅದು ಬಿಡುವೇ ಕೊಡದೆ ಬಳಕೆ, ಲೈನ್ ಸಿಗ್ಲಿಲ್ಲ ಅಂದ್ರೆ ಸಿಗೋತನಕ ಮತ್ತೆ ಮತ್ತೆ ತಿರುಗಿಸ್ತಾರೆ, ಆ ಒಂದೊಂದು ಪ್ರಯತ್ನವನ್ನೂ ಸ್ವಿಚ್ ಕೂತು ವಿಚಾರಿಸಬೇಕು. ಕ್ರಾಸ್‌ಬಾರ್ ನಮ್ಮಲ್ಲಿ ಏದುಸಿರು ಬಿಟ್ಟಿದ್ದಕ್ಕೆ ಇದೂ ಒಂದು ಕಾರಣ. ಸಿ-ಡಾಟ್‌ನೋರು ಲೈನು ಕಮ್ಮಿ, ಟ್ರಾಫಿಕ್ ಜಾಸ್ತಿ ಅಂತಲೇ ಲೆಕ್ಕ ಹಿಡ್ಕೊಂಡು ಡಿಸೈನ್ ಶುರು ಮಾಡಿದ್ರು. ದೊಡ್ಡ ಎಕ್ಸ್‌ಚೇಂಜ್ ಆದ್ರೂ ಒಂದೇ ದೊಡ್ಡ ಕಂಪ್ಯೂಟರ್ ತಲೆ ಮೇಲೆ ಎಲ್ಲಾ ಹೊರಿಸದೆ 512 ಪೋರ್ಟಿನ, ಅಂದ್ರೆ ಅಷ್ಟು ಲೈನ್ ಜೋಡಿಸೋ ಜಾಗ ಇರೋ, ಒಂದೊಂದು ಬೇಸ್ ಮಾಡ್ಯೂಲ್, ಪ್ರತಿಯೊಂದಕ್ಕೂ ಅದರದೇ ಪ್ರೊಸೆಸರ್, ಊರು ಬೆಳೆದ ಹಾಗೆ ಇನ್ನೊಂದು ಮಾಡ್ಯೂಲ್ ಪಕ್ಕಕ್ಕೆ ಜೋಡಿಸಿದ್ರಾಯ್ತು.

ಹಳ್ಳಿಗೆ ಅಂತ ಮಾಡಿದ್ದು ರ್ಯಾಕ್ಸ್, ಅಂದ್ರೆ ಹಳ್ಳಿಯ ಆಟೋಮ್ಯಾಟಿಕ್ ಎಕ್ಸ್‌ಚೇಂಜ್, 128 ಪೋರ್ಟ್. ಅದರಲ್ಲಿ ಒಂದಷ್ಟು ಬೇರೆ ಊರಿಗೆ ಹೋಗೋ ಟ್ರಂಕಿಗೆ, ಉಳಿದದ್ದು ಊರಿನೋರಿಗೆ. ಇದಕ್ಕೆ ಏಸಿ ಬೇಡ, ಅದೇ ದೊಡ್ಡ ವಿಷಯ. ಕರೆಂಟ್ ಕಮ್ಮಿ ತಿನ್ನೋ ಚಿಪ್‌ಗಳನ್ನೇ ಹಾಕಿ, ಬಿಸಿ ತಾನಾಗೇ ಮೇಲೆ ಹೋಗೋ ಹಾಗೆ ಕ್ಯಾಬಿನೆಟ್ ಮಾಡಿದ್ರು. ಸರ್, ಹಳ್ಳೀಲಿ ಕರೆಂಟೇ ದಿನಕ್ಕೆ ಅರ್ಧ ಹೊತ್ತು, ಏಸಿ ಎಲ್ಲಿಂದ ತರೋದು! ಬ್ಯಾಟರಿ ಮೇಲೆ ಓಡ್ತಿತ್ತು, ಕರೆಂಟ್ ಬಂದಾಗ ಚಾರ್ಜ್ ಆಗ್ತಿತ್ತು.

ನಮ್ಮ ಎಕ್ಸ್‌ಚೇಂಜಿಗೆ ರ್ಯಾಕ್ಸ್ ಬಂದ ದಿನ ನಾವೆಲ್ಲಾ ಸುತ್ತ ನಿಂತು ನೋಡಿದ್ವಿ. ದೊಡ್ಡ ಫ್ರಿಜ್ಜಿನಷ್ಟು ಇತ್ತು. ಆನ್ ಮಾಡಿದ್ರು, ಸದ್ದೇ ಇಲ್ಲ. ನಮ್ಮ ಹಿರಿಯ ಲೈನ್‌ಮನ್ ಒಬ್ರು ಕಿವಿ ಇಟ್ಟು ಕೇಳಿ "ಇದು ಸತ್ತೋಗಿದೆ ಕಣ್ರಪ್ಪಾ" ಅಂದ್ರು, ಅವರಿಗೆ ಕಟಕಟ ಇಲ್ಲದ ಎಕ್ಸ್‌ಚೇಂಜ್ ಅಂದ್ರೆ ನಂಬಿಕೆನೇ ಇಲ್ಲ. ಆಮೇಲೆ ಟ್ರೈನಿಂಗಲ್ಲಿ ಹೇಳಿಕೊಟ್ರು, ನಿಮ್ಮ ಮಾತನ್ನ ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆನೂ 8 ಬಿಟ್ ಮಾಡಿ, ಬೇರೆಯೋರ ಮಾತಿನ ಜೊತೆ ಸಾಲಾಗಿ ಒಂದೇ ದಾರೀಲಿ ಕಳಿಸ್ತಾರೆ, ಯಾರ ಬಿಟ್ ಯಾವ ಸಾಲಿಗೆ ಅಂತ ಅದಲು ಬದಲು ಮಾಡೋದೇ ಸ್ವಿಚ್ಚಿಂಗ್. ಏನೂ ಅಲ್ಲಾಡಲ್ಲ, ಸದ್ದೆಲ್ಲಿಂದ ಬರುತ್ತೆ. ರಿಪೇರಿನೂ ಅಷ್ಟೇ, ಎಣ್ಣೆ ಹಾಕೋದು ಉಜ್ಜೋದು ಹೋಯ್ತು, ಕೆಟ್ಟ ಕಾರ್ಡ್ ಎಳೆದು ಹೊಸ ಕಾರ್ಡ್ ತೂರಿಸೋದು. ನನ್ನಂಥವನಿಗೆ ಮೊದಲು ಸ್ವಲ್ಪ ಬೇಜಾರೂ ಆಗಿತ್ತು, ಕಲಿತ ಕೈಕೆಲಸ ಎಲ್ಲಾ ಹೋಯ್ತಲ್ಲಾ ಅಂತ.

ಆಮೇಲೆ ಆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಊರೂರಿಗೆ ಬಂದ್ವಲ್ಲ, ಅದರ ಹಿಂದೆ ಎಷ್ಟೋ ಸಣ್ಣ ಊರಲ್ಲಿ ಇದ್ದಿದ್ದು ಇದೇ ರ್ಯಾಕ್ಸ್. ಸಿ-ಡಾಟ್ ತಾನೇ ಫ್ಯಾಕ್ಟರಿ ಇಡ್ಲಿಲ್ಲ, ಡಿಸೈನ್ನ ಸರ್ಕಾರಿ ಪ್ರೈವೇಟ್ ಅಂತ ನೋಡದೆ ಹಲವಾರು ಕಂಪನಿಗಳಿಗೆ ಲೈಸೆನ್ಸ್ ಕೊಡ್ತು.

ಹಾಗಂತ ಬರೀ ಹೊಗಳೋಕೆ ಪತ್ರ ಬರೀತಿಲ್ಲ. ದೊಡ್ಡ ಎಕ್ಸ್‌ಚೇಂಜನ್ನೂ 36 ತಿಂಗಳಲ್ಲೇ ಕೊಡ್ತೀವಿ ಅಂದಿದ್ದು ಹೇಳಿದ ಹಾಗೆ ನಡೀಲಿಲ್ಲ, ತಡ ಆಯ್ತು. 1989ರಲ್ಲಿ ಸರ್ಕಾರ ಬದಲಾದ ಮೇಲೆ ಅದನ್ನೇ ಹಿಡ್ಕೊಂಡು ತನಿಖೆ, ಜಗಳ, ಪಿತ್ರೋಡಾ ವಾಪಸ್ ಅಮೆರಿಕಕ್ಕೆ ಹೋದ್ರು. ಅದಕ್ಕಿಂತ ದೊಡ್ಡ ತಪ್ಪು ನನ್ನ ಪ್ರಕಾರ ಮೊಬೈಲ್ ವಿಷಯದಲ್ಲಿ. 1995ರಲ್ಲಿ ದೇಶಕ್ಕೆ ಮೊಬೈಲ್ ಬಂದಾಗ ನಮ್ಮ ಕೈಲಿ ಏನೂ ಇರಲಿಲ್ಲ, ಎರಿಕ್ಸನ್, ನೋಕಿಯಾ, ಆಮೇಲೆ ಚೀನಾದ ಹುವಾವೇ, ಝಡ್‌ಟಿಇ, ಎಲ್ಲಾ ಹೊರಗಿಂದ. ಒಂದು ಸಲ ಸ್ವಂತ ಡಿಸೈನ್ ಮಾಡಿ ಗೆದ್ದೋರು ಮತ್ತೆ ಡ್ರಾಯಿಂಗ್ ಕೊಳ್ಳೋ ಸಾಲಿಗೆ ಹೋಗಿ ನಿಂತ್ವಿ. ದುಡ್ಡು ಕೊಡದೋರದ್ದು ತಪ್ಪಾ, ಲ್ಯಾಂಡ್‌ಲೈನಿಗೇ ಅಂಟಿಕೊಂಡು ಕೂತೋರದ್ದಾ, ಎರಡೂ ಇದೆ ಅಂತ ನನಗನ್ಸುತ್ತೆ. ಅದಕ್ಕೇ 2025ರ ಸೆಪ್ಟೆಂಬರಲ್ಲಿ ಸ್ವದೇಶಿ 4ಜಿ ಉದ್ಘಾಟನೆ ಆದಾಗ ಸಿ-ಡಾಟ್ ಕೋರ್, ಟವರಿನ ರೇಡಿಯೋ ನಮ್ಮ ಬೆಂಗಳೂರಿನ ತೇಜಸ್ ಕಂಪನಿದು, ಎಲ್ಲಾ ಜೋಡಿಸಿದ್ದು ಟಿಸಿಎಸ್ ಕಂಪನಿ ಅಂತ ಕೇಳಿ ನನಗೆ ಖುಷಿ ಜೊತೆಗೆ ಇಷ್ಟು ವರ್ಷ ಯಾಕೆ ಬೇಕಾಯ್ತು ಅನ್ನೋ ಸಿಟ್ಟೂ ಬಂತು. ನಿಮ್ಮ ಲೇಖನದಲ್ಲಿ ಇರಬೇಕಾಗಿದ್ದು ಆ ಪ್ರಶ್ನೆ. ಇದೇ ಮೊದಲು ಅಂತ ಬರೆದುಬಿಟ್ರೆ ಆ ಪ್ರಶ್ನೆನೇ ಹುಟ್ಟಲ್ಲ ನೋಡಿ, ಎಲ್ಲಾರೂ ಬಚಾವ್.

ಅಂದ ಹಾಗೆ ಕಳೆದುಹೋದ ಮೊಬೈಲ್ ಬ್ಲಾಕ್ ಮಾಡೋ ಸಂಚಾರ್ ಸಾಥಿ, 2023ರಲ್ಲಿ ಎಲ್ಲಾರ ಫೋನೂ ಒಟ್ಟಿಗೆ ಕಿರುಚಿಕೊಂಡ ಆ ಎಮರ್ಜೆನ್ಸಿ ಅಲರ್ಟ್ ಟೆಸ್ಟ್, ಇದರ ಹಿಂದೆ ಇರೋದೂ ಇದೇ ಸಿ-ಡಾಟ್.

ನನ್ನ ಕೋರಿಕೆ ಇಷ್ಟೇ. ಒಂದು, ಆ ಸಾಲಿಗೆ ತಿದ್ದುಪಡಿ ಹಾಕಿ. ಇನ್ನೊಂದು, 2026ರ ಜುಲೈಗೆ ಕಿತ್ತೂರಿನ ರ್ಯಾಕ್ಸ್‌ಗೆ 40 ವರ್ಷ, ಅದರ ಲೆಕ್ಕದಲ್ಲಿ ಒಬ್ಬ ವರದಿಗಾರರನ್ನ ಕಿತ್ತೂರಿಗೆ ಕಳಿಸಿ ಅವತ್ತು ಮೊದಲ ಕನೆಕ್ಷನ್ ತಗೊಂಡ ಮನೆಯೋರು, ಕಂಬ ಹತ್ತಿದೋರು, ಬೆಂಗಳೂರಿನ ತಂಡದಲ್ಲಿದ್ದು ಈಗ ಅಜ್ಜ ಅಜ್ಜಿ ಆಗಿರೋ ಆ ಹುಡುಗ ಹುಡುಗೀರು, ಇವರನ್ನೆಲ್ಲಾ ಮಾತಾಡಿಸಿ ಒಂದು ಪುಟ ಬರೀರಿ. ಹಳೇ ಕಾರ್ಡ್‌ಗಳೆಲ್ಲಾ ಗುಜರಿಗೆ ಹೋಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ, ಯಾರೂ ಕೇಳ್ಲಿಲ್ಲ ಅಂತ ಒಂದೇ ಒಂದು ಕಾರ್ಡ್ ಮನೆಗೆ ತಂದಿಟ್ಕೊಂಡಿದೀನಿ. ಫೋಟೋ ತೆಗೆಯೋಕೆ ಬೇಕಂದ್ರೆ ಕೊಡ್ತೀನಿ, ವಾಪಸ್ ಮಾತ್ರ ಕೊಡಬೇಕು.

ಇಂತಿ,
ಒಬ್ಬ ನಿವೃತ್ತ ಟೆಲಿಫೋನ್ ಟೆಕ್ನಿಷಿಯನ್