ಪುಟ್ಟಿಗೆ, ಲೆಕ್ಕದ ಭಯದ ಬಗ್ಗೆ

ಸೋಮವಾರಪೇಟೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಲ್ಲಿ ಹೇಳಿರ್ತಾಳೆ, ಬಿಡು. ನಿನ್ನ ಕಾಗದದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. '1729 ಅಂದ ಕೂಡಲೇ ಕ್ಲಾಸಲ್ಲಿ ಎಲ್ಲರ ಕಣ್ಣೂ ಅರಳುತ್ತೆ, ನನಗೆ ಯಾವ ಸಂಖ್ಯೆ ನೋಡಿದರೂ ಏನೂ ಅನ್ನಿಸಲ್ಲ, ಗಣಿತ ಬಿಟ್ಟುಬಿಡಲಾ' ಅಂತ ಬರೆದಿದ್ದೀಯ.

ರಾಮಾನುಜನ್ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದ ಇಂಗ್ಲಿಷ್ ಗಣಿತಜ್ಞ ಹಾರ್ಡಿಯ ಟ್ಯಾಕ್ಸಿ ನಂಬರ್ ಅದು. 1 ಮತ್ತು 12ರ ಘನ ಕೂಡಿಸಿದರೂ, 9 ಮತ್ತು 10ರ ಘನ ಕೂಡಿಸಿದರೂ 1729. ಹೀಗೆ ಎರಡು ಬಗೆಯಲ್ಲಿ ಬರುವ ಅತಿ ಚಿಕ್ಕ ಸಂಖ್ಯೆ ಅಂತ ರಾಮಾನುಜನ್ ಥಟ್ಟನೆ ಹೇಳಿದರು, ನಿಜ. ಆದರೆ ಆ ಲೆಕ್ಕ ಅವರ ನೋಟ್‌ಬುಕ್‌ನಲ್ಲಿ ಮುಂಚೆಯೇ ಇತ್ತು. ಹಳೇ ಪರಿಚಯ, ಅಷ್ಟೆ.

ನಾನು ಹುಡುಗನಾಗಿದ್ದಾಗ ತೋಟದಲ್ಲಿ ಲೆಕ್ಕಪತ್ರ ನೋಡೋ ಒಬ್ಬರು ರೈಟರ್ ಇದ್ದರು. ಆರಡಿಗೊಂದು ಕಾಫಿ ಗಿಡ ಇಟ್ಟರೆ ಎಕರೆಗೆಷ್ಟು ಅಂದರೆ, ಕಿವಿ ಮೇಲಿನ ಪೆನ್ಸಿಲ್ ಮುಟ್ಟದೆ '1210' ಅನ್ನೋರು. ನಾನು ಬೆಪ್ಪಾಗಿ ನೋಡ್ತಿದ್ದೆ. ಎಕರೆ ಅಂದರೆ 43,560 ಚದರಡಿ, 36ರಿಂದ ಭಾಗಿಸಿದರೆ ಅಷ್ಟೇ ಬರುತ್ತೆ. ಈ 43,560 ಎಲ್ಲಿಂದ ಬಂತು ಅನ್ನೋದು ಬಹಳ ತಡವಾಗಿ ತಿಳಿಯಿತು. ಜಮೀನು ಅಳೆಯೋ ಸರ್ವೆ ಸರಪಳಿ 66 ಅಡಿ. ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದ: 66 ಗುಣಿಸು 660. ಅಲ್ಲಿವರೆಗೆ ನನಗೂ ಅದನ್ನು ನೋಡಿ ಏನೂ ಅನ್ನಿಸಿರಲಿಲ್ಲ, ಪುಟ್ಟಿ. ಅಷ್ಟೊತ್ತಿಗೆ ರೈಟರ್ ಕೆಲಸ ಬಿಟ್ಟು ಊರಿಗೆ ಹೋಗಿಯಾಗಿತ್ತು. ಇಂಥವು ಇನ್ನೆಷ್ಟು ಅವರಿಗೆ ಗೊತ್ತಿದ್ದವೋ. ಪಕ್ಕದಲ್ಲೇ ಓಡಾಡಿಕೊಂಡಿದ್ದೂ ಕೇಳಲಿಲ್ಲವಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದ ನಾನು ನಿನಗೆ ಗಣಿತ ಹೇಳೋದು ನಗುವ ವಿಷಯವೇ. ಆದರೂ ಒಂದು ಆಟ ಆಡಿ ನೋಡು. ನಾಲ್ಕಂಕಿ ಬರಿ, ನಾಲ್ಕೂ ಒಂದೇ ಆಗಬಾರದು. ಇಳಿಕೆ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆ ಕ್ರಮದ್ದನ್ನು ಕಳೆ. ಬಂದದ್ದಕ್ಕೂ (ಮೂರಂಕಿ ಬಂದರೆ ಮುಂದೊಂದು ಸೊನ್ನೆ ಸೇರಿಸಿ) ಹಾಗೇ ಮಾಡ್ತಾ ಹೋಗು. ಏಳು ಸಲದೊಳಗೆ 6174 ಬಂದು ನಿಲ್ಲುತ್ತೆ. ಕಂಡುಹಿಡಿದ ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲೆ ಮೇಷ್ಟ್ರಾಗಿದ್ದವರು. 1729ಕ್ಕೆ ಏಳೂ ಸಲ ಬೇಕು. ಕರೆಂಟ್ ಬಿಲ್ ಹಿಂದೆ ಮಾಡಿ ನೋಡಿದೆ.

ಅಂದಾಜು ಲೆಕ್ಕವನ್ನೂ ಕೀಳಾಗಿ ನೋಡಬೇಡ. ಚಕ್ರಬಡ್ಡಿ ದರದಿಂದ 72ನ್ನು ಭಾಗಿಸಿದರೆ ದುಡ್ಡು ಇಮ್ಮಡಿಯಾಗೋ ವರ್ಷ ಸಿಗುತ್ತೆ. ಶೇ 8ಕ್ಕೆ 9 ವರ್ಷ. ಕಾಫಿ ಹೂ ಅರಳಿಸೋ ಹೂಮಳೆ ಒಂದು ಇಂಚು ಬಿದ್ದರೆ ಎಕರೆಗೆ ಲಕ್ಷ ಲೀಟರ್ ನೀರು. ಸರಿಯಾಗಿ ನೋಡಿದರೆ ಮೂರು ಸಾವಿರದಷ್ಟು ಜಾಸ್ತಿ, ಆದರೆ ಮಳೆ ಬಾರದೆ ಅಷ್ಟು ನೀರು ಹಾಯಿಸೋ ಸ್ಪ್ರಿಂಕ್ಲರ್‌ಗೆ ಎಷ್ಟು ಡೀಸೆಲ್ ತರಿಸಬೇಕು ಅನ್ನೋಕೆ ಲಕ್ಷ ಲೀಟರ್ ಅನ್ನೋ ಅಂದಾಜು ಸಾಕು.

ಏನೂ ಅನ್ನಿಸಲ್ಲ ಅನ್ನೋದು ಒಂದು ವರ್ಷದ ಮಾತು, ಅಲ್ವಾ? ಬಿಡೋ ವಿಚಾರ ಹುತ್ತರಿ ಹಬ್ಬದವರೆಗೂ ಯಾರ ಹತ್ತಿರವೂ ಎತ್ತಬೇಡ. ಬಂದಾಗ ಕೂತು ಮಾತಾಡೋಣ.

ಇಂತಿ,
ನಿನ್ನ ದೊಡ್ಡಪ್ಪ