ಕರಗುವ ಸ್ಕ್ರೂ ನಮ್ಮ ಕಡೆಗೂ ಬರಲಿ

ಮುರಿದ ಮೂಳೆಗೆ ಹಾಕಿದ ಸ್ಕ್ರೂ ತೆಗೆಸಲು ಮತ್ತೊಂದು ಆಪರೇಷನ್ ಮಾಡಿಸಿಕೊಳ್ಳುವ ಕಷ್ಟವನ್ನು ಕರಗುವ ಮೆಗ್ನೀಸಿಯಂ ಸ್ಕ್ರೂಗಳು ತಪ್ಪಿಸಬಲ್ಲವು.

ನಮ್ಮ ಓಣಿಯ ಹುಡುಗನೊಬ್ಬ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ. ಹರಡಿನ ಮೂಳೆ ಮುರಿದಿತ್ತು. ವಾಸಿಯಾದ ಮೇಲೆ ಸ್ಕ್ರೂ ಚುಚ್ಚತೊಡಗಿತು, ಮತ್ತೆ ಕೊಯ್ಯಿಸಿಕೊಳ್ಳಬೇಕಾಯಿತು. ಅದೂ ಮೆಣಸಿನಕಾಯಿ ಸೀಜನ್ನಿನಲ್ಲೇ! ತೆಗೆದ ಎರಡು ಸ್ಕ್ರೂಗಳನ್ನು ಅವನ ತಾಯಿ ಕುಂಕುಮದ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಕೂಲಿ ಹೋದ ಲೆಕ್ಕ ಯಾರು ಕೇಳಬೇಕು?

ಮೆಗ್ನೀಸಿಯಂ ನಮ್ಮ ಮೈಯಲ್ಲಿ ಮೊದಲೇ ಇರುವ ಧಾತು. ಮಾಮೂಲಿ ಸ್ಕ್ರೂಗಳಿಗೆ ಬಳಸುವ ಟೈಟಾನಿಯಂ ಲೋಹದಷ್ಟು ಬಿಗಿಯಲ್ಲ, ಮೆಗ್ನೀಸಿಯಂನ ಬಿಗಿತ ಮೂಳೆಗೆ ಹತ್ತಿರ. ಹಾಗಾಗಿ ಭಾರವನ್ನೆಲ್ಲ ತಾನೇ ಹೊತ್ತು ಮೂಳೆಯನ್ನು ಸೊರಗಿಸುವುದು ಕಡಿಮೆ. ಜರ್ಮನಿಯ ಇಂಥ ಸ್ಕ್ರೂಗೆ 2013ರಲ್ಲೇ ಯುರೋಪಿನಲ್ಲಿ ಅನುಮತಿ ಸಿಕ್ಕಿದೆ. ತೊಡಕೂ ಇದೆ, ಸುಮ್ನೆ ಹೊಗಳಿ ಪ್ರಯೋಜನವಿಲ್ಲ. ಕರಗುವಾಗ ಹೈಡ್ರೋಜನ್ ಗ್ಯಾಸ್ ಹೊರಬರುತ್ತದೆ. ಬೇಗ ಕರಗಿದರೆ ಮೂಳೆ ಕೂಡುವ ಮೊದಲೇ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಬೇರೆ ಲೋಹ ಬೆರೆಸಿ, ಲೇಪ ಹಚ್ಚಿ ಕರಗುವ ವೇಗ ತಗ್ಗಿಸುತ್ತಾರೆ. ತೊಡೆಯಂಥ ದೊಡ್ಡ ಮೂಳೆಗೆ ಇದು ಇನ್ನೂ ದೂರದ ಮಾತು.

ಧಾರವಾಡದಲ್ಲಿ ಐಐಟಿ ಇದೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ನಡುವೆ 20 ಕಿ.ಮೀ. ಅಷ್ಟೇ ಅಲ್ವಾ? ಲೋಹ ತಿಳಿದವರೂ ಮೂಳೆ ತಿಳಿದವರೂ ಒಟ್ಟಿಗೆ ಕೂತು, ಕಡಿಮೆ ಬೆಲೆಯ ಕರಗುವ ಸ್ಕ್ರೂ ತಯಾರಿಸುವ ಜಂಟಿ ಸಂಶೋಧನೆ ಕೈಗೊಳ್ಳಲಿ. ಅದಕ್ಕೆ ಸರ್ಕಾರ ಹಣ ಕೊಡಲಿ.

- ಒಬ್ಬ ಓದುಗ, ಹಾವೇರಿ