ಮಗನ ಗಣಿತದ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರೀತಿಯ ಗೆಳೆಯಾ,

"ಮಗನಿಗೆ ಗಣಿತ ಯಾಕೆ ತಲೆಗೆ ಹತ್ತುತ್ತಿಲ್ಲ, ಏನು ಮಾಡ್ಲಿ?" ಅಂತ ಕೇಳಿದ್ದೆ. ಕೂಡಲೇ ಬರೆಯಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಬರೆದಿದ್ದರೆ ಟ್ಯೂಷನ್‌ಗೆ ಹಾಕು, ಮೊಬೈಲ್ ಕಿತ್ತಿಡು, ಇನ್ನೂ ಚಿಕ್ಕವನು ಬಿಡು ಅಂತ ಏನೋ ಒಂದು ಬರೆಯುತ್ತಿದ್ದೆ. ಮೂರೂ ಸರಿ ಇರಬಹುದು, ಮೂರೂ ತಪ್ಪಿರಬಹುದು. ಯಾವುದು ಸರಿ ಅಂತ ಹೇಳೋಕೆ ನಿನ್ನ ಪ್ರಶ್ನೆಯಲ್ಲಿ ನನಗೆ ಏನೂ ಸಿಗಲಿಲ್ಲ. ನಿನ್ನ ಸಂಕಟ ಮಾತ್ರ ಚೆನ್ನಾಗಿ ಅರ್ಥವಾಯಿತು.

ಜಾನ್ ಸ್ನೋ ಅನ್ನೋ ಡಾಕ್ಟರ ವಿಷಯ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಿತ್ತು. ಜನ ಯಾಕೆ ಸಾಯುತ್ತಿದ್ದಾರೆ ಅಂದರೆ ಕೆಟ್ಟ ಗಾಳಿಯಿಂದ ಅನ್ನೋದು ಆಗ ಹೆಚ್ಚಿನ ವೈದ್ಯರ ನಂಬಿಕೆ. ಸ್ನೋಗೆ ನೀರಿನ ಮೇಲೆ ಅನುಮಾನ. ಅವರು ಸಾವಾದ ಮನೆಗಳಿಗೆ ಹೋಗಿ ಕೇಳಿದ್ದು ಚಿಕ್ಕ ಪ್ರಶ್ನೆ: ಈ ಮನೆಗೆ ಯಾವ ಕಂಪನಿಯ ನೀರು ಬರುತ್ತದೆ? ದಕ್ಷಿಣ ಲಂಡನ್ನಿನ ಎಷ್ಟೋ ಬೀದಿಗಳಲ್ಲಿ ಎರಡು ಕಂಪನಿಗಳ ಕೊಳವೆ ಇತ್ತು. ಒಂದು ಕಂಪನಿ ಥೇಮ್ಸ್ ನದಿಯಲ್ಲಿ ಊರಿನ ಕೊಳಚೆ ಸೇರುವ ಕಡೆಯಿಂದಲೇ ನೀರೆತ್ತುತ್ತಿತ್ತು, ಇನ್ನೊಂದು ಕೊಳಚೆ ಸೇರುವುದಕ್ಕಿಂತ ಮೊದಲೇ, ನದಿಯ ಮೇಲ್ಗಡೆಯಿಂದ. ಅಕ್ಕಪಕ್ಕದ ಮನೆ, ಅದೇ ಗಾಳಿ, ನೀರು ಮಾತ್ರ ಬೇರೆ.

ಆದರೆ ಎಷ್ಟೋ ಮನೆಯವರಿಗೆ ಕಂಪನಿಯ ಹೆಸರೇ ಗೊತ್ತಿರಲಿಲ್ಲ! ಸ್ನೋ ಆಗ ಜನರನ್ನು ಬಿಟ್ಟು ನೀರನ್ನೇ ಕೇಳಿದರು. ಕೊಳಚೆ ಕಡೆಯ ಕಂಪನಿಯ ನೀರಿನಲ್ಲಿ ಉಪ್ಪಿನಂಶ ಸುಮಾರು 40 ಪಟ್ಟು ಜಾಸ್ತಿ ಇತ್ತು, ಸಿಲ್ವರ್ ನೈಟ್ರೇಟ್ ಅನ್ನೋ ರಾಸಾಯನಿಕ ಹಾಕಿದರೆ ಯಾವ ಕಂಪನಿಯ ನೀರು ಅಂತ ತಿಳಿದುಬಿಡುತ್ತಿತ್ತು. ಮೊದಲ ಏಳು ವಾರದ ಲೆಕ್ಕ ಹೀಗೆ ಬಂತು: ಕೊಳಚೆ ನೀರಿನ ಕಂಪನಿಯ 10,000 ಮನೆಗಳಿಗೆ 315 ಸಾವು, ಇನ್ನೊಂದು ಕಂಪನಿಯ ಅಷ್ಟೇ ಮನೆಗಳಿಗೆ 37.

ನೋಡು, ಕೇಳುವ ಮೊದಲೇ ಅವರಿಗೆ ಗೊತ್ತಿತ್ತು, ಸಾವು ಎರಡೂ ಕಡೆ ಒಂದೇ ಸಮ ಇದ್ದರೆ ತನ್ನ ಅನುಮಾನ ತಪ್ಪು ಅಂತ. ನಿನ್ನ "ಯಾಕೆ"ಯನ್ನೂ ಹಾಗೆ ಕೇಳಬಹುದು, ಅಲ್ವಾ? ಗಣಿತ ಅಂದರೆ ಯಾವುದು? ಕೂಡುವುದು ಕಳೆಯುವುದು ಸರಿಯಾಗಿ ಮಾಡಿ ಭಿನ್ನರಾಶಿ ಬಂದ ಕೂಡಲೇ ನಿಲ್ಲುತ್ತಾನಾ? ಲೆಕ್ಕವನ್ನು ಅಂಕಿಯಲ್ಲಿ ಕೊಟ್ಟರೆ ಮಾಡಿ, ಅದನ್ನೇ ವಾಕ್ಯದಲ್ಲಿ ಕೊಟ್ಟರೆ ಸುಮ್ನೆ ಕೂರುತ್ತಾನಾ? ಹಾಗಿದ್ದರೆ ತೊಂದರೆ ಗಣಿತದ್ದಲ್ಲ, ಓದಿ ಅರ್ಥ ಮಾಡಿಕೊಳ್ಳುವುದರದ್ದು ಇರಬಹುದು, ಎಷ್ಟು ಟ್ಯೂಷನ್ ಕೊಡಿಸಿದರೂ ಅದು ಹೋಗಲ್ಲ. ಮನೆಯಲ್ಲಿ ಎಲ್ಲಾ ಸರಿ ಮಾಡಿ ಪರೀಕ್ಷೆಯಲ್ಲಿ ಮಾತ್ರ ತಪ್ಪಿದರೆ ಅದು ಇನ್ನೊಂದೇ ಕಥೆ, ಸಮಯ ಸಾಲುತ್ತಿಲ್ಲವೋ ಹೆದರಿಕೆಯೋ ನೋಡಬೇಕು.

ಅವನನ್ನೂ ಕೇಳು. ಆದರೆ "ಯಾಕೋ ಬರಲ್ಲ ನಿನಗೆ?" ಅಂತ ಮಾತ್ರ ಕೇಳಬೇಡ, ದಯವಿಟ್ಟು. ಮಕ್ಕಳ ಕಿವಿಗೆ ಅದು ಪ್ರಶ್ನೆಯಾಗಿ ಕೇಳಿಸಲ್ಲ, ಬೈಗುಳವಾಗಿ ಕೇಳಿಸುತ್ತದೆ. "ಇಲ್ಲೀವರೆಗೆ ಹೇಗೆ ಮಾಡಿದೆ, ತೋರಿಸು" ಅನ್ನು. ಅವನು ತೋರಿಸುತ್ತಾನೆ. ನೀನು ಮಧ್ಯೆ ತಿದ್ದೋಕೆ ಹೋಗಬೇಡ.

ಅವನು ತಪ್ಪು ಮಾಡಿದ ನಾಲ್ಕೈದು ಲೆಕ್ಕಗಳ ಫೋಟೋ ಕಳಿಸು, ಅವನು ಬರೆದ ಹಾಗೇ ಇರಲಿ. ಶನಿವಾರ ಫೋನ್ ಮಾಡುತ್ತೇನೆ, ಕೂತು ನೋಡೋಣ.

ನಿನ್ನ ಗೆಳೆಯ